ಒಂದು ತರಕರಡಿಗೆ ಒಂದು ಚೆನ್ನೈ ಸಾಲದು

ಉತ್ತರದ ಎಣ್ಣೂರಿನಿಂದ ದಕ್ಷಿಣದ ಉತ್ತಂಡಿವರೆಗೆ, ಪಾಲಿಕೆಯ 200 ವಾರ್ಡುಗಳನ್ನೂ ಕೂಡಿಸಿದರೆ ಚೆನ್ನೈ 426 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಇಷ್ಟೇ ಜಾಗದಲ್ಲಿ ಸುಮಾರು 67 ಲಕ್ಷ ಜನ. ಆಫ್ರಿಕಾದ ಕಲಹರಿಯಲ್ಲಿ ಒಂದು ಗಂಡು ತರಕರಡಿ (ಹನಿ ಬ್ಯಾಜರ್) ಸುತ್ತುವ ನೆಲ ಸರಾಸರಿ 541 ಚದರ ಕಿಲೋಮೀಟರ್! 1990ರ ದಶಕದ ಕೊನೆಯಲ್ಲಿ ಕಾಲೀನ್ ಮತ್ತು ಕೀತ್ ಬೆಗ್ ದಂಪತಿ ವರ್ಷಗಟ್ಟಲೆ ಅವುಗಳ ಹಿಂದೆ ಅಲೆದು ಕಂಡುಕೊಂಡ ಲೆಕ್ಕವಿದು. ಹೆಣ್ಣಿಗೆ 126 ಸಾಕು. ನಮ್ಮ ಗಿಂಡಿ ರಾಷ್ಟ್ರೀಯ ಉದ್ಯಾನದಂಥವು 200 ಸೇರಿದರೆ ಒಂದು ಗಂಡಿನ ವ್ಯಾಪ್ತಿ. ಅಷ್ಟು ಮಾಡಿ ಆ ಪ್ರಾಣಿಯ ತೂಕ ಒಂಬತ್ತು ಕಿಲೋ ಆಸುಪಾಸು.

ಇಷ್ಟು ನೆಲ ಯಾಕೆ? ಊಟ ಅಲ್ಲಲ್ಲಿ, ತುತ್ತು ತುತ್ತಾಗಿ, ಅದೂ ಮಣ್ಣಿನೊಳಗೆ ಸಿಗುವುದರಿಂದ. ಮೂಸುತ್ತಾ ನಡೆಯುತ್ತದೆ, ನಿಲ್ಲುತ್ತದೆ, ನಾಲ್ಕು ಸೆಂಟಿಮೀಟರ್‌ವರೆಗಿನ ಮುಂಗಾಲಿನ ಉಗುರುಗಳಿಂದ ಬಗೆಯುತ್ತದೆ, ಬಿಲಕ್ಕೆ ಮೂತಿ ತೂರಿಸಿ ಮತ್ತೆ ಮೂಸುತ್ತದೆ. ಪಕ್ಕದ ಪೊದೆಯ ಮೇಲೆ ಗಿಡುಗವೊಂದು ಕಾದು ಕೂತಿರುತ್ತದೆ. ಬೇರೆ ತೂತಿನಿಂದ ತಪ್ಪಿಸಿಕೊಂಡು ಓಡುವ ಇಲಿ ಅದರ ಪಾಲು. ಇಲಿ, ಹಲ್ಲಿ, ಚೇಳು, ಹಾವು, ಜೇನುಹುಟ್ಟಿನ ಮರಿಹುಳು ಎಂದು ಕಲಹರಿಯಲ್ಲಿ ತರಕರಡಿಯ ಊಟದ ಪಟ್ಟಿ ಸುಮಾರು 60 ಬಗೆಗೆ ಮುಟ್ಟುತ್ತದೆ.

ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಇನ್ನೊಂದು ಅಂಕಿ: ಒಂದು. ಚೆನ್ನೈನ ಉತ್ತಂಡಿ ದಾಟಿ ಈಸ್ಟ್ ಕೋಸ್ಟ್ ರಸ್ತೆಯಲ್ಲಿ (ಈಸಿಆರ್) ಮುಂದೆ ಹೋದರೆ ವಡನೆಮ್ಮೇಲಿ. ಅಲ್ಲಿ 1978ರಲ್ಲಿ ಶುರುವಾದ ಇರುಳ ಬುಡಕಟ್ಟಿನವರ ಸಹಕಾರ ಸಂಘದವರು ನಾಗರಹಾವಿನ ವಿಷ ತೆಗೆಯುತ್ತಾರೆ, ಅದರಿಂದ ನಮ್ಮ ಜೀವ ಉಳಿಸುವ ಔಷಧಿ ತಯಾರಾಗುತ್ತದೆ. ತರಕರಡಿಗೋ ಮದ್ದು ಮೈಯಲ್ಲೇ ಇದೆ. ನಾಗರಜಾತಿಯ ವಿಷ ಹೋಗಿ ಕಚ್ಚಿಕೊಳ್ಳಬೇಕಾದ ನರಗ್ರಾಹಕದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದೆ, ವಿಷಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. 2015ರಲ್ಲಿ ಬಯಲಾದ ಈ ಉಪಾಯವನ್ನು ಮುಂಗುಸಿ, ಮುಳ್ಳಿಲಿ, ಹಂದಿಗಳೂ ಪ್ರತ್ಯೇಕವಾಗಿಯೇ ಗಳಿಸಿಕೊಂಡಿವೆ.

ಸಂತಾನ ಮಾತ್ರ ಬಲು ಮಿತ. ಸಾಮಾನ್ಯವಾಗಿ ಹೆರಿಗೆಗೆ ಒಂದೇ ಮರಿ, ಅದು ವರ್ಷಕ್ಕೂ ಮೀರಿ ತಾಯಿಯ ಬೆನ್ನಹಿಂದೆಯೇ.

ಕರ್ನಾಟಕದ ಕಾವೇರಿ ವನ್ಯಜೀವಿಧಾಮದಲ್ಲೂ ತರಕರಡಿ ಇದೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಅಲ್ಲಿ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸಿಕ್ಕ ಚಿತ್ರಗಳನ್ನು 2014ರಲ್ಲಿ ಪ್ರಕಟಿಸಿದರು. ಧಾಮದ ವಿಸ್ತೀರ್ಣ ಸುಮಾರು 1,027 ಚದರ ಕಿಲೋಮೀಟರ್. ಕಲಹರಿಯ ಲೆಕ್ಕ ಹಿಡಿದರೆ ಒಂದು ಗಂಡಿನ ಓಡಾಟವೇ ಅದರ ಅರ್ಧವನ್ನು ಮೀರುತ್ತದೆ. ಮೇವು ಹೆಚ್ಚಿರುವ ನಮ್ಮ ಕಾಡಿನಲ್ಲಿ ಅಷ್ಟು ಬೇಕಾಗಲಿಕ್ಕಿಲ್ಲ. ಆದರೂ ಗಡಿಯಾಚೆ ಕೃಷ್ಣಗಿರಿ, ಧರ್ಮಪುರಿ ಕಡೆ ತಮಿಳುನಾಡು 2014ರಲ್ಲೇ ಘೋಷಿಸಿದ ಕಾವೇರಿ ಉತ್ತರ ಧಾಮದ 504 ಚದರ ಕಿಲೋಮೀಟರ್ ಇದಕ್ಕೆ ಅಂಟಿಕೊಂಡೇ ಇರುವುದು ಈ ಒಂಟಿ ಅಲೆಮಾರಿಗೆ ದೊಡ್ಡ ಆಸರೆ.