ಮದರಾಸಿನಲ್ಲೊಂದು ಬಿಡಾರ

ಬೀಡು, ಬಿಡದಿ, ಬಿಡಾರ—ಈ ಮೂರು ಮಾತುಗಳಲ್ಲಿಯೂ ‘ಬಿಡು’ ಎಂಬ ಒಂದೇ ಧಾತುವಿನ ಉಸಿರಿದೆ. ದಾರಿ ನಡೆದವನು ಹೊತ್ತು ತಂದುದನ್ನು ಇಳಿಸಿ, ಎತ್ತಿನ ಕೊರಳಿನ ನೊಗವನ್ನು ಕಳಚಿ, ಬಿಡುವು ಪಡೆಯುವ ಸ್ಥಳವೇ ಬಿಡಾರ. ಇಂದು ನಾವು ಲಾಡ್ಜಿನ ಬಾಗಿಲಲ್ಲಿ ನಿಂತು, ಕೋಣೆಗೆ ಹವಾನಿಯಂತ್ರಣ ಉಂಟೆ, ಟೆಲಿವಿಷನ್ ಉಂಟೆ, ಕಿಟಕಿಯಿಂದ ಕಡಲು ಕಾಣುವುದೆ ಎಂದೆಲ್ಲ ವಿಚಾರಿಸುತ್ತೇವೆ. ಹಳೆಯ ಮಾತು ಕೇಳುವ ಪ್ರಶ್ನೆ ಬೇರೆ: ಹೊತ್ತುಬಂದ ಭಾರವನ್ನು ಇಲ್ಲಿ ಇಳಿಸಬಹುದೆ? ದೊಡ್ಡ ಊರಿಗೆ ಹೋಗಿ ತಂಗಬೇಕಾದವರು ಮೊದಲು ಕೇಳತಕ್ಕ ಪ್ರಶ್ನೆಯೂ ಇದೇ ಎಂದು ನನಗೆ ತೋರುತ್ತದೆ.

ಬಂಗಾರಪೇಟೆಯವರಿಗೂ ಕೋಲಾರದ ಚಿನ್ನದ ಗಣಿಗಳ ಊರಿನವರಿಗೂ ದೊಡ್ಡ ಊರುಗಳು ಎರಡು. ಪಡುವಲಿಗೆ ಬೆಂಗಳೂರು, ಮೂಡಲಿಗೆ ೧೯೯೬ರಿಂದ ಚೆನ್ನೈ ಎಂದು ಕರೆಯಲ್ಪಡುತ್ತಿರುವ, ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಮದರಾಸೇ ಆಗಿರುವ ಪಟ್ಟಣ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ನಮ್ಮ ಜಂಕ್ಷನ್ನು ಈ ಎರಡಕ್ಕೂ ನಡುವೆ ನಿಂತಿದೆ. ಬೆಂಗಳೂರಿಗೆ ಹೋದವನು ಸಂಜೆಗೆ ಮನೆ ಸೇರುತ್ತಾನೆ. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಮೇಲಂತೂ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಹಾಗೆ ಹೋಗಿ ಬಂದು ಬಾಳುವವರ ಸಂಖ್ಯೆ ದೊಡ್ಡದು. ಮದರಾಸಿನ ಮಾತು ಹಾಗಲ್ಲ. ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆಯ ದಾರಿ. ಹೋದವನು ಒಂದು ರಾತ್ರಿಯಾದರೂ ಉಳಿಯಬೇಕು. ಉಳಿಯುವುದೆಲ್ಲಿ?

ಈ ಪ್ರಶ್ನೆಗೆ ಹಿಂದಿನವರ ಉತ್ತರ ಛತ್ರ. ಸೆಂಟ್ರಲ್ ನಿಲ್ದಾಣದ ಎದುರಿಗೆ ರಾಜಾ ಸರ್ ರಾಮಸ್ವಾಮಿ ಮೊದಲಿಯಾರರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಛತ್ರವು ಅಂಥ ಉತ್ತರಗಳಲ್ಲೊಂದು. ರೈಲಿಳಿದ ಯಾತ್ರಿಕನು ಊರನ್ನು ಅರಿಯುವುದಕ್ಕೆ ಮೊದಲೇ ನೆಲೆಯೊಂದನ್ನು ಕಾಣಲಿ ಎಂಬ ಕರುಣೆ ಆ ಜಾಗದ ಆಯ್ಕೆಯಲ್ಲಿಯೇ ಇದೆ. ಅನಂತರದ ಉತ್ತರವನ್ನು ಕೊಟ್ಟವರು ಹೆಚ್ಚಾಗಿ ನಮ್ಮವರು. ಉಡುಪಿಯ ಕಡೆಯ ಕಡಂದಲೆಯಿಂದ ಬಂದು, ಅಡಿಗೆಮನೆಯ ಚಾಕರಿಯಿಂದ ಮೇಲೆದ್ದ ಕೆ. ಕೃಷ್ಣರಾಯರು ೧೯೩೮ರಲ್ಲಿ ರಾಯಪೇಟೆಯ ಬಂಗಲೆಯೊಂದನ್ನು ಗೇಣಿಗೆ ಹಿಡಿದು ವಸತಿಯುಳ್ಳ ಹೋಟೆಲನ್ನು ತೆರೆದರು. ಬಂಗಲೆಗಿದ್ದ ವುಡ್‌ಲ್ಯಾಂಡ್ಸ್ ಎಂಬ ಹೆಸರೇ ಹೋಟೆಲಿಗೂ ನಿಂತಿತು. ಮೈಸೂರಿನಲ್ಲಿ ಹೆಸರು ಮಾಡಿದ ದಾಸಪ್ರಕಾಶದ ಸೀತಾರಾಮರಾಯರು ೧೯೫೪ರಲ್ಲಿ ಪೂನಮಲ್ಲಿ ಹೈರೋಡಿನಲ್ಲಿ ತಮ್ಮ ದೊಡ್ಡ ಹೋಟೆಲನ್ನು ಎತ್ತಿ ನಿಲ್ಲಿಸಿದರು. ಆ ದಾಸಪ್ರಕಾಶ ಇಂದು ಇಲ್ಲ; ಕೃಷ್ಣರಾಯರ ಹೊಸ ವುಡ್‌ಲ್ಯಾಂಡ್ಸ್ ಮೈಲಾಪುರದ ಅಂಚಿನಲ್ಲಿ ಇದೆ. ಊಟಕ್ಕೆ ಬಂದವನಿಗೆ ಹಾಸಿಗೆಯನ್ನೂ, ಹಾಸಿಗೆಗೆ ಬಂದವನಿಗೆ ಊಟವನ್ನೂ ಒಂದೇ ಸೂರಿನಡಿ ಒದಗಿಸಿದ ಕೀರ್ತಿ ಈ ಮಹನೀಯರದು. ಮನೆ ಬಿಟ್ಟು ಬಂದವನ ಅರ್ಧ ಭಾರ ಅಪರಿಚಿತವಾದ ಊಟದ ಅಂಜಿಕೆಯೆಂಬುದನ್ನು ಅವರು ಬಲ್ಲವರಾಗಿದ್ದರು.

ಈಗ ನೂರಾರು ವಸತಿಗೃಹಗಳು ಅಂಗೈಯಗಲದ ಫೋನಿನಲ್ಲಿ ಚಿತ್ರಗಳಾಗಿ ಮೆರೆಯುತ್ತವೆ. ಬಯಲುಸೀಮೆಯ ನಮ್ಮ ಕಣ್ಣು ಸಹಜವಾಗಿಯೇ ಕಡಲಿನ ಚಿತ್ರದ ಮೇಲೆ ನೆಡುತ್ತದೆ. ಆದರೆ ಮದರಾಸು ಒಂದು ಊರಲ್ಲ, ಹಲವು ಊರುಗಳ ಒಕ್ಕೂಟ. ಬೆಳಗಿನ ಕೆಲಸ ಯಾವ ಊರಿನಲ್ಲಿದೆಯೋ ಬಿಡಾರವೂ ಆ ಊರಿನಲ್ಲಿರುವುದು ವಿವೇಕ. ಸರ್ಕಾರಿ ಜನರಲ್ ಆಸ್ಪತ್ರೆಗೆ ಹೋಗುವವರಿಗೆ ಸೆಂಟ್ರಲ್‌ನ ಸುತ್ತಲಿನ ಪಾರ್ಕ್‌ಟೌನ್, ಪೆರಿಯಮೇಡುಗಳು ನಡೆದು ಹೋಗುವಷ್ಟು ಹತ್ತಿರ. ಅಲ್ಲಿಂದ ತೆಂಕಣದ ರೈಲು ಹಿಡಿಯುವವರಿಗೆ ಎಗ್ಮೋರಿನ ಓಣಿಗಳು ಅನುಕೂಲ. ೧೯೭೮ರಲ್ಲಿ ಆರಂಭವಾದ ಶಂಕರ ನೇತ್ರಾಲಯಕ್ಕೆ ಬರುವವರು ನುಂಗಂಬಾಕ್ಕದಲ್ಲಿಯೂ, ೧೯೫೪ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಹುಟ್ಟಿದ ಕ್ಯಾನ್ಸರ್ ಸಂಸ್ಥೆಗೆ ಬರುವವರು ಅಡಯಾರಿನಲ್ಲಿಯೂ ನೆಲೆ ಹುಡುಕಬೇಕು. ನನ್ನಂಥ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿರುವಲ್ಲಿಕ್ಕೇಣಿ ಮೇಲು. ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರ ಪರಿಷ್ಕರಣದಲ್ಲಿ ಮತ್ತೆ ಹೊರತಂದ ಮದರಾಸು ವಿಶ್ವವಿದ್ಯಾಲಯ ಅಲ್ಲಿಗೆ ಸಮೀಪ. ಕಡಲೂ ಅಲ್ಲಿಯೇ ಇದೆ. ಸಂಜೆ ಕಾಸಿಲ್ಲದೆ ಕಾಣಬಹುದಾದ ಕಡಲಿಗೆ ಕಿಟಕಿಯಲ್ಲಿ ಬಾಡಿಗೆ ಕೊಡುವ ಅಗತ್ಯವೇನು?

ಕೆಲವು ವರ್ಷಗಳ ಹಿಂದೆ, ಭೂಗರ್ಭದಲ್ಲಿ ಮೂವತ್ತು ವರ್ಷ ದುಡಿದ ನೆರೆಮನೆಯ ಹಿರಿಯರೊಬ್ಬರೊಡನೆ ನಾನು ಆ ಊರಿಗೆ ಹೋಗಿದ್ದೆ. ಶ್ವಾಸಕೋಶದ ಪರೀಕ್ಷೆಗೆಂದು ಹೊರಟ ಪ್ರಯಾಣವದು. ತಂದೆ ಆಯುಷ್ಯದಲ್ಲಿ ಒಮ್ಮೆಯಾದರೂ ಕಡಲನ್ನು ಹಾಸಿಗೆಯಿಂದ ನೋಡಲೆಂದು ಮಗನು ಅಕ್ಕರೆಯಿಂದ ಕೋಣೆಯೊಂದನ್ನು ಗೊತ್ತುಮಾಡಿದ್ದನು. ಕೋಣೆ ಮೂರನೆಯ ಅಂತಸ್ತಿನಲ್ಲಿ, ಲಿಫ್ಟು ಕೆಟ್ಟಿತ್ತು. ಹಿರಿಯರು ತಿರುವು ತಿರುವಿಗೂ ನಿಂತು, ಗೋಡೆಗೆ ಕೈಯಿಟ್ಟು, ಉಸಿರನ್ನು ಕೂಡಿಸಿಕೊಂಡು ಹತ್ತಿದರು. ಕಡಲು ಕಂಡಿತು, ನಿಜ. ಆದರೆ ಕಂಡದ್ದು ತೆರೆಯಲಾಗದ ಗಾಜಿನ ಆಚೆಗೆ. ಹವಾನಿಯಂತ್ರಣದ ತಣ್ಪು ಅವರ ಎದೆಗೆ ಆಗದು, ನಿಲ್ಲಿಸಿದರೆ ಸೆಕೆ. ಮಗನಿಗೆ ನೋವಾದೀತೆಂದು ಅವರು ಒಂದು ಮಾತನ್ನೂ ಆಡಲಿಲ್ಲ. ನಡುರಾತ್ರಿ ಎಚ್ಚರಗೊಂಡು ನೋಡಿದರೆ ಓಣಿಯ ತುದಿಯಲ್ಲಿ, ತೆರೆದ ಜಾಲಂದರದ ಕೆಳಗೆ, ಕುರ್ಚಿಯಲ್ಲಿ ಕುಳಿತಿದ್ದಾರೆ!

ಮರುದಿನ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ, ಅರ್ಧ ಬಾಡಿಗೆಗೆ, ನೆಲಮಹಡಿಯ ಕೋಣೆ ಸಿಕ್ಕಿತು. ಬಣ್ಣ ಮಾಸಿದ ಗೋಡೆ, ಎದುರುಬದುರು ಎರಡು ಕಿಟಕಿ. ಹಿರಿಯರು ಒಳಗೆ ಕಾಲಿಟ್ಟವರೇ ಹೊಸ್ತಿಲ ಬಳಿ ಕ್ಷಣಕಾಲ ನಿಂತು, “ಇಲ್ಲಿ ಗಾಳಿ ಆಡುತ್ತದೆ” ಎಂದರು. ಅದು ಬಲ್ಲವನ ಮಾತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿ ಆಳವಾದದ್ದು. ಅದರ ತಳದ ಬಂಡೆಯ ಕಾವು ೬೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತಿತ್ತು. ಮೇಲಿನಿಂದ ಗಾಳಿ ಬರುತ್ತಿದೆಯೆ ಇಲ್ಲವೆ ಎಂಬುದನ್ನು ಕೆನ್ನೆಯ ಮೇಲೆಯೇ ಓದಲು ಕಲಿಯದವನು ಅಲ್ಲಿ ಬಾಳುವಂತಿರಲಿಲ್ಲ. ಆ ಓದಿಗೆ ಚಿತ್ರದ ಸಾಕ್ಷ್ಯ ಬೇಕಿಲ್ಲ. ಆ ರಾತ್ರಿ ಅವರು ನಿದ್ರಿಸಿದರು.

ಗಾಳಿಯಂತೆಯೇ ನೀರು. ಕೋಲಾರ ಜಿಲ್ಲೆಯವರಿಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಬೇತಮಂಗಲದಲ್ಲಿ ತಡೆದು ನಿಲ್ಲಿಸಿದ ಪಾಲಾರಿನ ನೀರನ್ನು ಕುಡಿದೇ ನಮ್ಮ ಗಣಿಗಳು ಬೆಳೆದವು. ಅದೇ ಪಾಲಾರು ಮದರಾಸಿನ ತೆಂಕಣಕ್ಕೆ ಕಡಲು ಸೇರುತ್ತದೆ. ಆದರೂ ೨೦೧೯ರ ಬೇಸಗೆಯಲ್ಲಿ ಆ ಮಹಾನಗರದ ಜಲಾಶಯಗಳು ಬತ್ತಿಹೋದಾಗ ಹೋಟೆಲುಗಳು ನೀರನ್ನು ಅಳೆದು ಬಳಸಬೇಕಾಯಿತು. ೨೦೧೫ರ ಡಿಸೆಂಬರಿನಲ್ಲಿ ಅದೇ ಊರು ಪ್ರವಾಹದಲ್ಲಿ ಮುಳುಗಿತ್ತು. ಆದುದರಿಂದ ಬೇಸಗೆಯಲ್ಲಿ ಹೋಗುವವರು ನೀರು ಎಷ್ಟು ಹೊತ್ತು ಬರುವುದೆಂದು ಕೇಳಲಿ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಿ ಹೋಗುವವರು ಬೀದಿಯ ನೀರು ಬಾಗಿಲಿಗೆ ಬರುವುದೇ ಎಂದು ಕೇಳಲಿ. ಡಿಸೆಂಬರು ಸಂಗೀತೋತ್ಸವಗಳ ಕಾಲವೂ ಹೌದು. ಮೈಲಾಪುರದ ಕಡೆ ಆಗ ಕೋಣೆ ಸಿಕ್ಕುವುದೇ ಭಾಗ್ಯ.

ಇಷ್ಟನ್ನೆಲ್ಲ ಒಂದು ಸೂತ್ರಕ್ಕೆ ಇಳಿಸಬಹುದಾದರೆ ಅದು ಹೀಗಿದ್ದೀತು: ಕೂಡಿ ಹೊರಟವರಲ್ಲಿ ಯಾರ ಕಾಲು ಬಲಹೀನವೋ, ಯಾರ ಉಸಿರು ಕುಗ್ಗಿದೆಯೋ, ಕೋಣೆಯನ್ನು ಆರಿಸುವ ಹಕ್ಕು ಅವರದು. ಹಣ ತೆರುವವನೂ ಚಿತ್ರ ಕಂಡು ಮೆಚ್ಚಿದವನೂ ಅವರ ಹಿಂದೆ ನಿಲ್ಲತಕ್ಕದ್ದು. ಮೆಟ್ಟಿಲೆಷ್ಟು, ಕಿಟಕಿ ತೆರೆಯುವುದೆ, ನೀರು ಬರುವುದೆ, ಬೆಳಗಿನ ಕೆಲಸಕ್ಕೆ ದಾರಿಯೆಷ್ಟು—ಈ ನಾಲ್ಕನ್ನು ಕೇಳಲು ಒಂದು ಫೋನು ಕರೆ ಸಾಕು. ನಮ್ಮ ಕಡೆಯಿಂದ ಮೂಡಲ ರೈಲು ಹತ್ತುವವರಲ್ಲಿ ವಿಹಾರಕ್ಕೆ ಹೋಗುವವರು ಕಡಮೆ. ವೈದ್ಯನನ್ನೋ ಉದ್ಯೋಗವನ್ನೋ ಅರಸಿ ಹೋಗುವವರೇ ಹೆಚ್ಚು. ಅಂಥವರಿಗೆ ಒಂದು ರಾತ್ರಿಯ ನಿದ್ರೆಯೆಂಬುದು ಸುಖವಲ್ಲ, ಮರುದಿನವನ್ನು ಎದುರಿಸುವ ಬಂಡವಾಳ. ಆ ಬಂಡವಾಳವನ್ನು ಕರಗಿಸದೆ ಬೆಳಗ್ಗೆ ಹಿಂತಿರುಗಿಸುವ ಕೋಣೆ, ಅದು ಎಷ್ಟೇ ಬಡಕೋಣೆಯಾಗಿರಲಿ, ಬಿಡಾರವೆಂಬ ಹೆಸರಿಗೆ ತಕ್ಕದ್ದು.