ಅಠಾರಾ ಕಚೇರಿಯ ಎರಡು ವರ್ಗಾವಣೆ

ಬೆಂಗಳೂರಿನ ನಗರ್ತಪೇಟೆಯ ಇಕ್ಕಟ್ಟು ಗಲ್ಲಿಗಳಿಂದ ಹೊರಟರೆ ಹಳೆಯ ಸೆಂಟ್ರಲ್ ಜೈಲೂ ಹೈಕೋರ್ಟಿರುವ ಅಠಾರಾ ಕಚೇರಿಯೂ ನಡೆದೇ ಹೋಗುವಷ್ಟು ದೂರ. ಜೈಲು ಈಗ ಫ್ರೀಡಂ ಪಾರ್ಕ್. ತುರ್ತುಪರಿಸ್ಥಿತಿಯ ಮಾತು ಬಂದಾಗ ಎಲ್ಲರೂ ಬೊಟ್ಟು ಮಾಡುವುದು ಅದನ್ನೇ. ಪಕ್ಷಾಂತರ ತಡೆ ಮಸೂದೆಯ ಸಂಸದೀಯ ಸಮಿತಿಯ ಸಭೆಗೆಂದು ಊರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ 1975ರ ಜೂನ್ 26ರಂದು ಸೆರೆಯಾಗಿ ಸೇರಿದ್ದು ಅಲ್ಲಿಗೆ. ಆದರೆ ಸರ್ವಾಧಿಕಾರ ಹೇಗೆ ಬೇರೂರುತ್ತದೆ ಎಂಬುದನ್ನು ತಿಳಿಯಬೇಕಿದ್ದರೆ ಜೈಲಿಗಿಂತ ಕೋರ್ಟಿನ ಕಡೆ ನೋಡಬೇಕು.

ಏಕೆಂದರೆ ಆ ಆಳ್ವಿಕೆ ಕಾನೂನನ್ನು ಒದ್ದು ಒಳಬರಲಿಲ್ಲ, ಕಾನೂನಿನ ಬಾಗಿಲಿನಿಂದಲೇ ಬಂತು. ಸಂವಿಧಾನದ 352ನೇ ವಿಧಿಯಲ್ಲಿದ್ದ ‘ಆಂತರಿಕ ಕ್ಷೋಭೆ’ ಎಂಬೆರಡು ಪದ ಸಾಕಾಯಿತು. ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿ ರಾತ್ರಿಯೇ ಸಹಿ ಹಾಕಿದರು, ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು ಮಾರನೆಯ ಬೆಳಿಗ್ಗೆ. ವಿಚಾರಣೆಯಿಲ್ಲದೆ ಕೂಡಿಹಾಕುವ ಮೀಸಾ ಕಾಯ್ದೆ 1971ರಿಂದಲೂ ಇತ್ತು. ಮುಂದೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನ ಸೆರೆಯಾದರೆಂದರೆ, ಅಷ್ಟು ವಾರಂಟುಗಳಿಗೆ ಯಾರೋ ಸಹಿ ಮಾಡಿದ್ದಾರೆ, ಯಾರೋ ಮೊಹರು ಒತ್ತಿದ್ದಾರೆ. ನಿರಂಕುಶ ಆಡಳಿತ ನಿಂತಿರುವುದು ಒಬ್ಬರ ಮೇಲಲ್ಲ, ಈ ಕೈಗಳ ಮೇಲೆ.

ಹಾಗಾದರೆ ಒಂದು ಕೈ ಹಿಂಜರಿದರೆ ಏನಾಗುತ್ತದೆ? ಬಂಧನವನ್ನು ಪ್ರಶ್ನಿಸಿದ ಆಡ್ವಾಣಿ ಮತ್ತಿತರರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಬಂದಾಗ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಕ್ರಾಂತಿಯನ್ನೇನೂ ಮಾಡಲಿಲ್ಲ. ಇಂಥ ಅರ್ಜಿಯನ್ನು ಆಲಿಸಲೇಬಾರದು ಎಂಬ ಸರ್ಕಾರದ ವಾದವನ್ನು ಒಪ್ಪಲಿಲ್ಲ, ಅಷ್ಟೆ. 1976ರಲ್ಲಿ ಮೊದಲನೆಯವರಿಗೆ ಅಲಹಾಬಾದಿಗೆ, ಎರಡನೆಯವರಿಗೆ ಗುವಾಹಟಿಗೆ ವರ್ಗವಾಯಿತು. ದೇಶದಲ್ಲಿ ಹೀಗೆ ವರ್ಗವಾದ ಹೈಕೋರ್ಟ್ ನ್ಯಾಯಮೂರ್ತಿಗಳು ಒಟ್ಟು 16 ಮಂದಿ. (ವರ್ಗಾವಣೆ ನಮ್ಮಲ್ಲಿ ಎಷ್ಟು ಸವಕಲು ಪದವೆಂದರೆ, ಅದರೊಳಗಿನ ಬೆದರಿಕೆ ಕಿವಿಗೇ ಬೀಳುವುದಿಲ್ಲ.) ಇಂಥ ಅರ್ಜಿ ಆಲಿಸಬಹುದೆಂಬ, ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳ ನಿಲುವನ್ನು ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ನಾಲ್ಕು–ಒಂದರ ಬಹುಮತದಿಂದ ತಳ್ಳಿಹಾಕಿತು. ಒಪ್ಪದೆ ಉಳಿದ ಎಚ್.ಆರ್. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಪದವಿ ತಪ್ಪಿತು. ಆ ತೀರ್ಪು ಬಂದ ಕೆಲವೇ ದಿನಗಳಲ್ಲಿ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬಂಧನಕ್ಕೊಳಗಾದರು. ಬೆಂಗಳೂರಿನ ಜೈಲಿನಲ್ಲಿ ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಸಿಕ್ಕ ಐದೇ ದಿನಕ್ಕೆ ತೀರಿಕೊಂಡರು. ಕೋರ್ಟಿನ ಬಾಗಿಲು ಮುಚ್ಚುವುದೆಂದರೆ ಇದು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ತುರ್ತುಪರಿಸ್ಥಿತಿ ಹೇರಿದ ಕಾಂಗ್ರೆಸ್ ಉತ್ತರ ಭಾರತದಲ್ಲಿ ನೆಲಕಚ್ಚಿದ 1977ರ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಉಳುವವನಿಗೆ ನೆಲ ಸಿಕ್ಕರೆ ಸಾಕು, ಹೇಬಿಯಸ್ ಕಾರ್ಪಸ್ ಓದುಬಲ್ಲವರ ಚಿಂತೆ ಎಂದು ಜನರೇ ಹೇಳಿದಂತಾಗಲಿಲ್ಲವೇ? ಗೇಣಿದಾರನ ಆ ಮತವನ್ನು ಹಗುರವಾಗಿ ಕಾಣುವುದು ಸೊಕ್ಕಾದೀತು. ಆದರೆ ದಿನಾಂಕ ನೋಡಿ: ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ಕ್ಕೆ, ವಿಧಾನಮಂಡಲದಲ್ಲಿ ಚರ್ಚೆಯಾಗಿ. ಅಂದರೆ ಆ ನೆಲದ ಹಕ್ಕಿಗೆ ತುರ್ತುಪರಿಸ್ಥಿತಿ ಬೇಕಿರಲಿಲ್ಲ. ಅದೇ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಗೆಲ್ಲಿಸಿದ್ದು ಕೆ.ಎಸ್. ಹೆಗ್ಡೆಯವರನ್ನು, 1973ರಲ್ಲಿ ಹಿರಿತನ ಕಡೆಗಣಿಸಿದ್ದಕ್ಕೆ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದವರು ಅವರು.

1978ರ 44ನೇ ತಿದ್ದುಪಡಿ ‘ಆಂತರಿಕ ಕ್ಷೋಭೆ’ಯನ್ನು ತೆಗೆದು ‘ಸಶಸ್ತ್ರ ದಂಗೆ’ ಎಂದು ಬರೆಯಿತು, ಸಂಪುಟದ ಲಿಖಿತ ಸಲಹೆ ಕಡ್ಡಾಯವಾಯಿತು. ಬಾಗಿಲಿಗೆ ಅಗುಳಿ ಬಿತ್ತು, ನಿಜ. ಅದನ್ನು ತೆಗೆಯುವ ಕೈ ಮಾತ್ರ ಈಗಲೂ ಒಳಗಿನವರದೇ. 1976ರ ತೀರ್ಪು ರದ್ದಾಗಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಅದು ರದ್ದಾದದ್ದು ಆಧಾರ್ ವಿರುದ್ಧದ ಮೊಕದ್ದಮೆಯಲ್ಲಿ, ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪಿನ ಬಹುಮತದಲ್ಲಿದ್ದವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು, ಅದು ತಪ್ಪೆಂದು ಬರೆದವರು ಅವರ ಮಗ.