ಒಬ್ಬರಿಗೆ ರಶ್, ಇನ್ನೊಬ್ಬರಿಗೆ ರ‍್ಯಾಂಕ್: ಬಿಜಿಎಂಐ ಸ್ಕ್ವಾಡ್‌ನಲ್ಲಿ ಜಗಳ ಯಾಕೆ, ಹೊಂದಾಣಿಕೆ ಹೇಗೆ?

ಒಂದೇ ಕಾಲೇಜಿನಲ್ಲಿ ಓದಿ ಈಗ ಪುಣೆ, ಹೈದರಾಬಾದ್, ಬೆಂಗಳೂರು ಎಂದು ಚದುರಿಹೋದ ಎಷ್ಟೋ ಗೆಳೆಯರಿಗೆ ರಾತ್ರಿ ಊಟದ ನಂತರದ ಬಿಜಿಎಂಐ ಮ್ಯಾಚ್ ಎಂದರೆ ಹರಟೆ ಕಟ್ಟೆಯೂ ಹೌದು. ಆದರೆ ಅದೇ ಕಟ್ಟೆಯಲ್ಲಿ ಮಾತು ಬಿಡುವಷ್ಟು ಜಗಳವೂ ನಡೆಯುತ್ತದೆ. 'ಒಬ್ಬನೇ ಯಾಕೆ ನುಗ್ಗಿದೆ?', 'ನೀವ್ಯಾಕೆ ಹಿಂದೆ ಬರಲಿಲ್ಲ?' ಎಂದು ಶುರುವಾಗುವ ಮಾತು ಕೊನೆಗೆ ಒಬ್ಬರು ಗ್ರೂಪ್ ಬಿಡುವವರೆಗೂ ಹೋಗುತ್ತದೆ. ಎಷ್ಟೋ ಸಲ ಇದಕ್ಕೆ ಕಾರಣ ಯಾರಿಗೋ ಆಟ ಬಾರದಿರುವುದಲ್ಲ. ನಾಲ್ವರೂ ನಾಲ್ಕು ಬೇರೆ ಕಾರಣಕ್ಕೆ ಆಡಲು ಕೂತಿರುತ್ತಾರೆ, ಅಷ್ಟೇ.

ನಾಲ್ಕು ಬಗೆಯ ಆಟಗಾರರು

ಇದನ್ನು ಬಹಳ ಹಿಂದೆಯೇ ಗುರುತಿಸಿದವರು ಬ್ರಿಟನ್‌ನ ಗೇಮ್ ವಿನ್ಯಾಸಕ ರಿಚರ್ಡ್ ಬಾರ್ಟಲ್. ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಗೇಮ್‌ಗಳ ಆಟಗಾರರನ್ನು ಅವರು 1996ರಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿದರು: ಗುರಿ ಮುಟ್ಟುವ ಹಟದವರು, ಹೊಸ ಜಾಗ ಹುಡುಕುವವರು, ಜನರೊಡನೆ ಬೆರೆಯಲು ಬರುವವರು ಮತ್ತು ಎದುರಾಳಿಯನ್ನು ಸೋಲಿಸುವುದರಲ್ಲೇ ಖುಷಿ ಕಾಣುವವರು. ಅವರು ಗಮನಿಸಿದ್ದು ಅಕ್ಷರಗಳಲ್ಲೇ ನಡೆಯುತ್ತಿದ್ದ ಹಳೆಯ ಗೇಮ್‌ಗಳನ್ನು. ಆದರೂ ಇಂದಿನ ಸ್ಕ್ವಾಡ್‌ಗಳಲ್ಲಿ ಈ ನಾಲ್ವರನ್ನೂ ಸುಲಭವಾಗಿ ಗುರುತಿಸಬಹುದು.

ಘರ್ಷಣೆ ಎಲ್ಲಿ ಶುರು?

ಎರಾಂಗಲ್ ಮ್ಯಾಪ್ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ ಇದೆ. ಮ್ಯಾಚ್‌ನಲ್ಲಿ 100 ಮಂದಿವರೆಗೆ ಇರುತ್ತಾರೆ. ಹೀಗಾಗಿ ಎಲ್ಲಿ ಇಳಿಯಬೇಕು ಎಂಬಲ್ಲೇ ಮೊದಲ ಜಗಳ. ಕಿಲ್ ಬೇಕಾದವರಿಗೆ ಜನ ಮುಗಿಬೀಳುವ ಪೊಚಿಂಕಿ ಇಷ್ಟ. ರ‍್ಯಾಂಕ್ ಬೇಕಾದವರಿಗೆ ಮ್ಯಾಪ್‌ನ ಅಂಚಿನ ಶಾಂತ ಮನೆಗಳೇ ಸಾಕು. ಏಕೆಂದರೆ ಹೆಚ್ಚು ಹೊತ್ತು ಉಳಿದಷ್ಟೂ ಪಾಯಿಂಟ್ ಏರುತ್ತದೆ, ಬೇಗ ಸತ್ತರೆ ಇಳಿಯುತ್ತದೆ.

ತಂಡ ಇಬ್ಭಾಗವಾದರೆ ಇಬ್ಬರಿಗೂ ನಷ್ಟ. ನಾಕ್ ಆದವರನ್ನು ರಿವೈವ್ ಮಾಡಲು ಜೊತೆಗಾರರು ಪಕ್ಕದಲ್ಲೇ ಇರಬೇಕು. ದೂರದ ಗುಡ್ಡದ ಹಿಂದೆ ಅಡಗಿ ಕೂತವರಿಂದ ಅದು ಸಾಧ್ಯವಿಲ್ಲ.

ಟೂರ್ನಿ ಅಂಕಪಟ್ಟಿಯ ಪಾಠ

ಎರಡರಲ್ಲಿ ಯಾವ ಶೈಲಿ ಸರಿ? ವೃತ್ತಿಪರ ಟೂರ್ನಿಗಳಲ್ಲಿ ಬಳಕೆಯಲ್ಲಿರುವ ಅಂಕ ಪದ್ಧತಿ ನೋಡಿದರೆ ಉತ್ತರ ಸಿಗುತ್ತದೆ. ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 6, ಐದನೆಯದಕ್ಕೆ 3. ಪ್ರತಿ ಕಿಲ್‌ಗೆ 1 ಅಂಕ. ಅಂದರೆ ಒಂದೂ ಕಿಲ್ ಇಲ್ಲದೆ ಗೆದ್ದ ತಂಡಕ್ಕೂ, 7 ಕಿಲ್ ಮಾಡಿ ಐದನೇ ಸ್ಥಾನಕ್ಕೆ ನಿಂತ ತಂಡಕ್ಕೂ ಸಿಗುವುದು ತಲಾ 10 ಅಂಕ. ಅಡಗಿ ಉಳಿಯುವವರೂ ಬೇಕು, ನುಗ್ಗಿ ಹೊಡೆಯುವವರೂ ಬೇಕು.

ಮ್ಯಾಚ್‌ಗೆ ಮುನ್ನ ಹೀಗೆ ಮಾಡಿ

* ಉದ್ದೇಶ ಮೊದಲೇ ಹೇಳಿ: ಇವತ್ತು ರ‍್ಯಾಂಕ್‌ಗಾಗಿಯೋ, ಮಜಾಕ್ಕಾಗಿಯೋ ಎಂದು ಲಾಬಿಯಲ್ಲೇ ಕೇಳಿ. ಮಜಾಕ್ಕಾದರೆ ಅನ್‌ರ‍್ಯಾಂಕ್ಡ್ ಮ್ಯಾಚ್ ಆಡಿ. ಯಾರ ಪಾಯಿಂಟೂ ಹೋಗುವುದಿಲ್ಲ.
* ಸರದಿ ಇಡಿ: ಕಿಲ್ ಬೇಕಾದವರಿಗಾಗಿ ನಾಲ್ವರ ವಿರುದ್ಧ ನಾಲ್ವರ ಟಿಡಿಎಂ ಒಂದೆರಡು ಆಡಿ, ಆಮೇಲೆ ಕ್ಲಾಸಿಕ್‌ಗೆ ಹೋಗಿ.
* ಕೆಲಸ ಹಂಚಿಕೊಳ್ಳಿ: ನುಗ್ಗುವವರು ಅಸಾಲ್ಟರ್, ತಾಳ್ಮೆಯವರು ಸ್ನೈಪರ್, ಹೊಸಬರು ಸಪೋರ್ಟ್. ಸ್ಮೋಕ್ ಎಸೆದು ರಿವೈವ್ ಮಾಡಿದವರೂ ಗೆಲುವಿನ ಪಾಲುದಾರರೇ.
* ಕೊನೆಯ ಮಾತು ಒಬ್ಬರದೇ ಇರಲಿ: ಗುಂಡು ಹಾರುವಾಗ ಚರ್ಚೆ ಬೇಡ. ಎಲ್ಲಿಗೆ ಹೋಗಬೇಕು ಎಂಬುದನ್ನು ಒಬ್ಬರು ಹೇಳಲಿ. ಮರುದಿನ ಆ ಜವಾಬ್ದಾರಿ ಇನ್ನೊಬ್ಬರಿಗೆ.
* ತಪ್ಪಿನ ಲೆಕ್ಕ ಆಮೇಲೆ: ಸತ್ತವರಿಗೆ ಮೈಕ್‌ನಲ್ಲೇ ಬೈದರೆ ಉಳಿದವರ ಆಟವೂ ಕೆಡುತ್ತದೆ.

ಹೊಂದಲೇ ಇಲ್ಲವಾದರೆ?

ಎಲ್ಲ ಸಲವೂ ಹೊಂದಾಣಿಕೆ ಆಗುವುದಿಲ್ಲ. ಕಾಂಕರರ್ ಮುಟ್ಟಬೇಕೆಂದು ದಿನಕ್ಕೆ ನಾಲ್ಕು ಗಂಟೆ ಆಡುವವರಿಗೂ, ಆಫೀಸಿನಿಂದ ಸುಸ್ತಾಗಿ ಬಂದು ಅರ್ಧ ಗಂಟೆ ನಗಲು ಕೂರುವವರಿಗೂ ಒಂದೇ ವೇಗ ಸಾಧ್ಯವಿಲ್ಲ. ಆಗ ರ‍್ಯಾಂಕ್‌ಗೆ ಬೇರೆ ತಂಡ ಹುಡುಕಿಕೊಳ್ಳುವುದು ದ್ರೋಹವಲ್ಲ. ವಾರಕ್ಕೊಂದು ರಾತ್ರಿ ಹಳೇ ಗೆಳೆಯರಿಗೆಂದೇ ಇಟ್ಟರಾಯಿತು. ಸೀಸನ್ ಮುಗಿದಾಗ ರ‍್ಯಾಂಕ್ ಹೇಗೂ ಕೆಳಗಿಳಿಯುತ್ತದೆ, ಅದನ್ನು ಮತ್ತೆ ಏರಿಸಿಕೊಳ್ಳಬಹುದು. ಮಾತು ಬಿಟ್ಟ ಗೆಳೆಯನನ್ನು ವಾಪಸ್ ಕರೆತರುವುದು ಅಷ್ಟು ಸುಲಭವಲ್ಲ.